ರೊಟ್ಟಿ ಬಡಿಯಲು ಬಾರದವರಿಗೂ ಜೋಳ: ಸುಟ್ಟ ತರಕಾರಿಯ ಬಿಸಿ ಸಲಾಡ್ ಮಾಡುವ ಬಗೆ

ಕೊಪ್ಪಳದ ಸಂತೆಯಲ್ಲಿ ಬಿಳಿಜೋಳ ಕೊಂಡವರು ಹೆಚ್ಚಿನವರು ಮುಂದೆ ಹೋಗುವುದು ಗಿರಣಿಗೆ. ಜೋಳವೆಂದರೆ ಹಿಟ್ಟು, ಹಿಟ್ಟೆಂದರೆ ರೊಟ್ಟಿ. ಈ ಲೆಕ್ಕ ನಮ್ಮ ಭಾಗದಲ್ಲಿ ಎಷ್ಟು ಬೇರೂರಿದೆಯೆಂದರೆ, ರೊಟ್ಟಿ ಬಡಿಯಲು ಬಾರದವರು ಜೋಳವನ್ನೇ ಬಿಟ್ಟುಬಿಡುತ್ತಿದ್ದಾರೆ. ಓದಲು ಬಂದು ಕೋಣೆ ಹಿಡಿದಿರುವ ಹುಡುಗರು, ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯವರು ಸಂಜೆ ದಣಿದು ಬಂದು ಅನ್ನಕ್ಕೆ ಇಟ್ಟುಬಿಡುತ್ತಾರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮುಗಿದು ಕಾಲುವೆಗಳಲ್ಲಿ ನೀರು ಹರಿದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಸೀಮೆ ಭತ್ತದ ಸೀಮೆಯಾಯಿತು. ಅಕ್ಕಿ ಕೈಗೆ ಹತ್ತಿರವಾಯಿತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಈಗಲೂ ಬೆಳೆಯುತ್ತಿರುವಾಗ, ಬರಿ ಕೈಚಳಕವೊಂದು ಇಲ್ಲವೆಂದು ಆ ಕಾಳು ನಮ್ಮ ತಟ್ಟೆಯಿಂದ ದೂರವಾಗುವುದು ನನಗೆ ಸಂಕಟದ ಸಂಗತಿ.

ಜೋಳವನ್ನು ಬೀಸಲೇಬೇಕೆಂದಿಲ್ಲ. ಇಡೀ ಕಾಳನ್ನು ಬೇಯಿಸಿ ಗುಗ್ಗರಿ ಮಾಡುವುದು ನಮ್ಮ ಮನೆಗಳಿಗೆ ಗೊತ್ತಿರುವ ಕೆಲಸವೇ. ಎಳೆಯ ಜೋಳದ ತೆನೆಯನ್ನು ಹೊಲದಲ್ಲೇ ಕೆಂಡದ ಮೇಲೆ ಸುಟ್ಟು, ಕಾಳು ಉದುರಿಸಿ, ಹಿಂಡಿ (ಚಟ್ನಿ ಪುಡಿ) ಮತ್ತು ಮೊಸರಿನ ಜೊತೆ ತಿನ್ನುವ ಸೀತನಿಯ ರುಚಿ ಬಲ್ಲವರಿಗೆ ಬಿಸಿ ಕಾಳು, ಸುಟ್ಟ ವಾಸನೆ, ಖಾರದ ಪುಡಿ ಮೂರೂ ಸೇರಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಬದನೆಕಾಯಿ ಸುಡುವುದೂ, ಹಸಿ ಮೆಂತ್ಯೆ ಮತ್ತು ಸೌತೆಕಾಯಿ ಹೆಚ್ಚಿ ಪಚಡಿ ಮಾಡುವುದೂ ನಮಗೆ ಹೊಸದಲ್ಲ. ಇಲ್ಲಿ ಹೇಳುತ್ತಿರುವ ಸಲಾಡ್ ಇವೆಲ್ಲವೂ ಒಂದೇ ಬಟ್ಟಲಿಗೆ ಬಂದದ್ದು. ಒಬ್ಬರೇ ನಿಂತು ಮಾಡಬಹುದು. ಲಟ್ಟಣಿಗೆ ಬೇಡ, ರೊಟ್ಟಿಯ ಹದ ಬೇಡ. ರಾತ್ರಿಯ ಊಟಕ್ಕೆ ಇದೊಂದೇ ಸಾಕು.

ಮಾಡುವ ವಿಧಾನಕ್ಕೆ ಹೋಗುವ ಮೊದಲು ಒಂದು ಮಾತು ನೆನಪಿಡಿ. ಈ ತಿನಿಸು ಕೆಡುವುದು ಬಹುತೇಕ ನೀರಿನಿಂದ. ಕಾಳಿನಲ್ಲಿ ನೀರು ಉಳಿದರೆ ಮೇಲೆ ಕಲಸುವ ಹುಳಿ ಎಣ್ಣೆ ಜಾರಿ ತಳ ಸೇರುತ್ತದೆ. ತರಕಾರಿಯಲ್ಲಿ ನೀರು ಉಳಿದರೆ ಅದು ಸುಡುವುದಿಲ್ಲ, ಬೇಯುತ್ತದೆ. ಎರಡೂ ಒಣಗಿರಬೇಕು, ಎರಡೂ ಬಿಸಿಯಾಗಿರಬೇಕು, ಬಿಸಿ ಆರುವ ಮೊದಲೇ ಹುಳಿ ಖಾರ ಸೇರಬೇಕು. ಮುಂದೆ ಬರುವ ಹಂತಗಳೆಲ್ಲ ಇದಕ್ಕಾಗಿಯೇ.

ಬೇಕಾಗುವ ಸಾಮಾನು

ನಾಲ್ಕು ಜನರ ಊಟಕ್ಕೆ ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಬಿಳಿಜೋಳ ಸಾಕು. ಬೆಂದಾಗ ಅದು ಎರಡೂವರೆ ಲೋಟದಿಂದ ಮೂರು ಲೋಟದವರೆಗೆ ಹಿಗ್ಗುತ್ತದೆ. ತರಕಾರಿ ಒಟ್ಟು 900 ಗ್ರಾಂನಷ್ಟಿರಲಿ: ಎಳೆ ಬದನೆಕಾಯಿ ಕಾಲು ಕಿಲೋ, ಸಿಹಿಗುಂಬಳ ಕಾಲು ಕಿಲೋ, ಗಜ್ಜರಿ ಎರಡು, ಈರುಳ್ಳಿ ಎರಡು, ದಪ್ಪ ಮೆಣಸಿನಕಾಯಿ ಒಂದು, ಗಟ್ಟಿ ಟೊಮೆಟೊ ಎರಡು. ಸುಟ್ಟಾಗ ತರಕಾರಿ ಬಹಳ ಕುಗ್ಗುತ್ತದೆ. ಹಸಿಯಾಗಿದ್ದಾಗ ಹೆಚ್ಚಾಯಿತೆಂದು ಕಂಡರೂ ಕಡಿಮೆ ಮಾಡಬೇಡಿ. ಸುಡಲು ಶೇಂಗಾ ಎಣ್ಣೆ ಮೂರು ದೊಡ್ಡ ಚಮಚ.

ಮೇಲೆ ಕಲಸುವುದಕ್ಕೆ ಚಿಕ್ಕ ನಿಂಬೆಕಾಯಿಯಷ್ಟು ಹುಣಸೆಹಣ್ಣು, ಒಂದು ಚಿಕ್ಕ ಚಮಚ ಬೆಲ್ಲದ ಪುಡಿ, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಕೆಂಪು ಖಾರದ ಪುಡಿ, ಮೂರು ದೊಡ್ಡ ಚಮಚ ಕುಸುಬಿ ಎಣ್ಣೆ, ಎರಡು ದೊಡ್ಡ ಚಮಚ ಗುರೆಳ್ಳು ಹಿಂಡಿ. ಕೊನೆಯಲ್ಲಿ ಉದುರಿಸಲು ಹುರಿದ ಶೇಂಗಾ ಒಂದು ಹಿಡಿ, ಎಳೆ ಮೆಂತ್ಯೆ ಸೊಪ್ಪು ಒಂದು ಹಿಡಿ, ಕೊತ್ತಂಬರಿ, ಒಂದು ಸೌತೆಕಾಯಿ.

ಜೋಳ ಆರಿಸುವಾಗ ಸ್ವಲ್ಪ ಗಮನ ಕೊಡಿ. ಹಿಂಗಾರಿಯಲ್ಲಿ ಬೆಳೆಯುವ ಮಾಲದಂಡಿ, ಅಂದರೆ ಎಂ 35-1 ತಳಿಯ ಕಾಳು ದಪ್ಪ, ಮುತ್ತಿನ ಹೊಳಪಿನದು. ಬೆಂದ ಮೇಲೂ ಆಕಾರ ಬಿಡುವುದಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಬಿತ್ತಿ ಫೆಬ್ರವರಿಯ ಹೊತ್ತಿಗೆ ಕೊಯ್ಲಿಗೆ ಬರುವ ಈ ಜೋಳ ಕಣದಿಂದ ಹೊಸದಾಗಿ ಬಂದಾಗ ಬೇಗ ಬೇಯುತ್ತದೆ. ವರ್ಷ ಕಳೆದ ಹಳೆಯ ಕಾಳಿಗೆ ನೆನೆಯುವ ಹೊತ್ತೂ ಬೇಯುವ ಹೊತ್ತೂ ಹೆಚ್ಚು ಬೇಕು. ಅಂಗಡಿಯವರು ಹೊಸದೋ ಹಳೆಯದೋ ಹೇಳುತ್ತಾರೆ, ಕೇಳಲು ಹಿಂಜರಿಯಬೇಡಿ. ಜೋಳದ ನುಚ್ಚು ಮಾತ್ರ ಇದಕ್ಕೆ ಬೇಡ. ಅದು ಅಂಟುತ್ತದೆ, ಮಜ್ಜಿಗೆ ಹಾಕಿ ಅಂಬಲಿ ಕಾಯಿಸಲು ಅದು ಸರಿ.

ಹಿಂದಿನ ರಾತ್ರಿ: ನೆನೆಹಾಕುವುದು

ಕಾಳನ್ನು ತಟ್ಟೆಯಲ್ಲಿ ಹರಡಿ ಹರಳು, ಕಡ್ಡಿ, ಮಣ್ಣಿನ ಹೆಂಟೆ ಆರಿಸಿ. ಇಡೀ ಕಾಳು ತಿನ್ನುವಾಗ ಒಂದು ಹರಳು ಹಲ್ಲಿಗೆ ಸಿಕ್ಕರೂ ಊಟದ ಸುಖ ಹಾಳು. ನಾಲ್ಕೈದು ನೀರಿನಲ್ಲಿ ತೊಳೆದು, ತೇಲಿದ ಜೊಳ್ಳನ್ನು ಚೆಲ್ಲಿ, ಮುಳುಗಿ ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ನೆನೆಹಾಕಿ. ಎಂಟು ಗಂಟೆ ಬೇಕು. ಮರೆತಿದ್ದರೆ ಕುದಿಯುವ ನೀರು ಸುರಿದು ಎರಡು ಗಂಟೆ ಮುಚ್ಚಿಟ್ಟರೂ ನಡೆಯುತ್ತದೆ. ಬೇಸಿಗೆಯಲ್ಲಿ ನಮ್ಮ ರಾತ್ರಿಗಳು ಬೆಚ್ಚಗಿರುತ್ತವೆ, ಹೊರಗೆ ಇಟ್ಟ ನೀರು ಹುಳಿಯಬಹುದು. ಆಗ ಪಾತ್ರೆಯನ್ನು ಫ್ರಿಜ್‌ನಲ್ಲಿಡಿ.

ನೆನೆದ ಕಾಳನ್ನು ಹೆಸರುಕಾಳಿನಂತೆ ಕಟ್ಟಿಟ್ಟು ಮೊಳಕೆ ಬರಿಸಿ ಹಸಿಯಾಗಿ ಹಾಕೋಣವೆಂದು ಯಾರಿಗಾದರೂ ಅನ್ನಿಸಬಹುದು. ಅದನ್ನು ಮಾಡಲೇಬೇಡಿ. ಜೋಳದ ಮೊಳಕೆಯಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ, ಅದು ಒಡೆದಾಗ ಸಯನೈಡ್ ವಿಷ ಹುಟ್ಟುತ್ತದೆ. ಎಳೆ ಜೋಳದ ಹೊಲಕ್ಕೆ, ಮಳೆ ಕೈಕೊಟ್ಟು ಮುರುಟಿದ ಬೆಳೆಗೆ ದನ ಬಿಡಬಾರದು ಎಂದು ನಮ್ಮ ರೈತರು ಎಚ್ಚರಿಸುವುದು ಇದೇ ಕಾರಣಕ್ಕೆ. ಮಾಗಿದ ಒಣ ಕಾಳಿನಲ್ಲಿ ಈ ಭಯವಿಲ್ಲ. ಒಂದು ರಾತ್ರಿ ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿ ತಿಂದರೆ ಯಾವ ತೊಂದರೆಯೂ ಇಲ್ಲ.

ಕಾಳು ಬೇಯಿಸುವುದು

ನೆನೆದ ನೀರನ್ನು ಬಸಿದು, ಕಾಳನ್ನು ಕುಕ್ಕರ್‌ಗೆ ಹಾಕಿ. ಮೂರು ಲೋಟ ಹೊಸ ನೀರು, ಅರ್ಧ ಚಮಚ ಉಪ್ಪು, ಅರ್ಧ ಚಮಚ ಎಣ್ಣೆ. ಎಣ್ಣೆ ಹಾಕುವುದು ನೊರೆ ಉಕ್ಕಿ ಸೀಟಿಯ ತೂತಿಗೆ ಸಿಕ್ಕಿಕೊಳ್ಳದಿರಲೆಂದು. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು. ದೊಡ್ಡ ಉರಿಯಲ್ಲಿ ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ 25 ನಿಮಿಷ ಬಿಡಿ. ಒಲೆ ಆರಿಸಿದ ಮೇಲೆ ಆವಿ ತಾನಾಗಿ ಇಳಿಯಲಿ. ಆ ಹದಿನೈದು ನಿಮಿಷದಲ್ಲಿ ಕಾಳು ಒಳಗೇ ಇನ್ನಷ್ಟು ಬೇಯುತ್ತದೆ.

ಒಂದು ಕಾಳು ತೆಗೆದು ಕಚ್ಚಿ ನೋಡಿ. ಹಲ್ಲಿಗೆ ಸ್ವಲ್ಪ ಎದುರು ನಿಲ್ಲಬೇಕು, ಆದರೆ ಒಳಗೆ ಸುಣ್ಣದಂತಹ ಬಿಳಿ ಚುಕ್ಕೆ ಇರಬಾರದು. ಇದ್ದರೆ ಒಂದಿಷ್ಟು ಬಿಸಿನೀರು ಸೇರಿಸಿ ಮತ್ತೆ ಹತ್ತು ನಿಮಿಷ ಇಡಿ. ಜೋಳ ಅಕ್ಕಿಯ ಹಾಗಲ್ಲ, ಐದಾರು ನಿಮಿಷ ಹೆಚ್ಚಾದರೆ ಗಂಜಿಯಾಗುವುದಿಲ್ಲ. ಹೊಸದಾಗಿ ಅಡುಗೆ ಕಲಿಯುವವರಿಗೆ ಇದಕ್ಕಿಂತ ಕ್ಷಮೆಯುಳ್ಳ ಕಾಳು ಸಿಗುವುದು ಕಷ್ಟ.

ಬೆಂದ ಮೇಲೆ ತೂತಿನ ಬುಟ್ಟಿಗೆ ಸುರಿದು ನೀರು ಬಸಿಯಿರಿ. ಆ ನೀರನ್ನು ಚೆಲ್ಲದೆ ಸಾರಿಗೆ ಹಾಕಿಕೊಳ್ಳಿ. ಬುಟ್ಟಿಯಲ್ಲಿ ಐದು ನಿಮಿಷ ಬಿಟ್ಟರೆ ಕಾಳಿನ ಮೇಲಿನ ತೇವ ಅದರದೇ ಬಿಸಿಗೆ ಆರುತ್ತದೆ. ಇಷ್ಟಕ್ಕೆ ನಿಲ್ಲಿಸಬಹುದು. ಆದರೆ ನನ್ನ ಸಲಹೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಎನ್ನುವುದು: ಕಬ್ಬಿಣದ ಬಾಣಲೆ ಚೆನ್ನಾಗಿ ಕಾಯಿಸಿ, ಒಂದು ಚಮಚ ಶೇಂಗಾ ಎಣ್ಣೆ ಬಿಟ್ಟು, ಬಸಿದ ಕಾಳನ್ನು ನಾಲ್ಕೈದು ನಿಮಿಷ ಹುರಿಯಿರಿ. ಅಲ್ಲೊಂದು ಇಲ್ಲೊಂದು ಕಾಳು ಹೊಂಬಣ್ಣಕ್ಕೆ ತಿರುಗಿ ಸಿಡಿಯಲು ತೊಡಗುತ್ತದೆ, ಮನೆ ತುಂಬ ಸುಟ್ಟ ತೆನೆಯ ವಾಸನೆ ಏಳುತ್ತದೆ. ಬರಿ ಬೇಯಿಸಿದ ಜೋಳಕ್ಕೂ ಇದಕ್ಕೂ ಅಜಗಜಾಂತರ.

ನವಣೆ ಹಾಕುವವರು ನೆನೆಹಾಕುವ ಅಗತ್ಯವಿಲ್ಲ. ಒಂದು ಲೋಟ ನವಣಕ್ಕಿಯನ್ನು ಒಣ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಎರಡು ಲೋಟ ಕುದಿಯುವ ನೀರು ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ, ಆರಿಸಿ ಹತ್ತು ನಿಮಿಷ. ಚಮಚದಿಂದಲ್ಲ, ಮುಳ್ಳುಚಮಚದಿಂದ ಬಿಡಿಸಿ. ಹಲ್ಲು ಗಟ್ಟಿಯಿಲ್ಲದ ಹಿರಿಯರಿಗೆ, ಚಿಕ್ಕ ಮಕ್ಕಳಿಗೆ ನವಣೆಯೇ ಒಳ್ಳೆಯದು. ಇಡೀ ಸಜ್ಜೆಯೂ ಆಗುತ್ತದೆ, ರಾತ್ರಿಯೆಲ್ಲ ನೆನೆಸಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಸಾಕು. ಅದರ ರುಚಿ ಗಡುಸು, ಚಳಿಗಾಲಕ್ಕೆ ಹೊಂದುತ್ತದೆ. ಸೋನಾ ಮಸೂರಿ ಅನ್ನದಲ್ಲಿ ಇದನ್ನು ಮಾಡಬೇಡಿ, ಕಲಸುವಷ್ಟರಲ್ಲಿ ಮುದ್ದೆಯಾಗುತ್ತದೆ.

ತರಕಾರಿ ಸುಡುವುದು

ರುಚಿಯ ಮುಕ್ಕಾಲು ಪಾಲು ಇಲ್ಲಿ ಹುಟ್ಟುತ್ತದೆ, ಆದ್ದರಿಂದ ಈ ಹಂತದಲ್ಲಿ ಅವಸರ ಬೇಡ.

ತರಕಾರಿಯ ಮೈಮೇಲೆ ನೀರಿರುವವರೆಗೆ ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಕಾವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಕಂದು ಬಣ್ಣ, ಸುಟ್ಟ ಪರಿಮಳ, ಸಿಹಿ ಬರುವುದು ಸುಮಾರು 140 ಡಿಗ್ರಿಯ ಮೇಲೆ. ಹಾಗಾಗಿ ತೊಳೆದ ತರಕಾರಿಯನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಆಮೇಲೆ ಹೆಚ್ಚಿ. ಒಂದರ ಮೇಲೊಂದು ಹೇರಬೇಡಿ. ತಟ್ಟೆಯಲ್ಲಿ ಹೋಳುಗಳ ನಡುವೆ ಬೆರಳು ಹೋಗುವಷ್ಟು ಜಾಗವಿರಬೇಕು. ಇಲ್ಲದಿದ್ದರೆ ಒಂದರ ಆವಿಯಲ್ಲಿ ಇನ್ನೊಂದು ಬೆಂದು ಎಲ್ಲವೂ ಪಲ್ಯವಾಗುತ್ತದೆ. 900 ಗ್ರಾಂ ತರಕಾರಿಗೆ ಎರಡು ತಟ್ಟೆ ಬೇಕು. ಒಂದೇ ಇದ್ದರೆ ಎರಡು ಸಲ ಸುಡಿ, ಒಂದರಲ್ಲೇ ತುರುಕಬೇಡಿ. ಉಪ್ಪು ತರಕಾರಿಯಿಂದ ನೀರು ಎಳೆಯುತ್ತದೆ, ಅದನ್ನು ಕಾವಿಗೆ ಇಡುವ ಗಳಿಗೆಯಲ್ಲಿ ಹಾಕಿ, ಮೊದಲೇ ಹಾಕಿ ಕೂಡಿಸಬೇಡಿ.

ಓವನ್ ಇರುವವರು ಅದನ್ನು 200 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿಡಿ, ಮೇಲಿನ ಕೆಳಗಿನ ಎರಡೂ ಕಂಬಿ ಹೊತ್ತಿರಲಿ. ಗಜ್ಜರಿ, ಸಿಹಿಗುಂಬಳ ಒಂದು ಅಂಗುಲದ ಹೋಳು. ಇವಕ್ಕೆ ಅರ್ಧ ಗಂಟೆ. ಬದನೆಕಾಯಿ ಅದಕ್ಕಿಂತ ಸ್ವಲ್ಪ ದೊಡ್ಡ ಹೋಳು, 25 ನಿಮಿಷ. ಬದನೆ ಎಣ್ಣೆ ಕುಡಿಯುವ ಕಾಯಿ, ಅದಕ್ಕೆ ಎಣ್ಣೆಯನ್ನು ಬೇರೆಯಾಗಿ ಕೈಯಲ್ಲಿ ಸವರಿ. ಈರುಳ್ಳಿಯನ್ನು ಬುಡ ಬಿಡದಂತೆ ಆರು ಸೀಳು ಮಾಡಿದರೆ ಪದರ ಬಿಚ್ಚಿ ಕರಕಲಾಗುವುದಿಲ್ಲ. ದಪ್ಪ ಮೆಣಸಿನಕಾಯಿ, ಅರ್ಧ ಮಾಡಿದ ಟೊಮೆಟೊಗೆ ಇಪ್ಪತ್ತು ನಿಮಿಷ ಸಾಕು, ಇವನ್ನು ಹತ್ತು ನಿಮಿಷ ತಡವಾಗಿ ಒಳಗಿಡಿ. ಗಟ್ಟಿ ತರಕಾರಿ ಒಂದು ತಟ್ಟೆ, ಮೆತ್ತನೆಯವು ಇನ್ನೊಂದು ತಟ್ಟೆ ಎಂದು ಬೇರ್ಪಡಿಸಿದರೆ ಈ ಲೆಕ್ಕವೆಲ್ಲ ಸಲೀಸು. ಅರ್ಧ ಹೊತ್ತು ಕಳೆದಾಗ ಒಮ್ಮೆ ಮಗುಚಿ, ತಟ್ಟೆಗಳ ಜಾಗ ಅದಲುಬದಲು ಮಾಡಿ. ಅಂಚು ಕಪ್ಪಗಾಗಿ ನಡು ಹೊಂಬಣ್ಣ ಬಂದಾಗ ತೆಗೆಯಿರಿ. ತುದಿ ಕಪ್ಪಾಯಿತೆಂದು ಹೆದರಬೇಡಿ, ಆ ಕಹಿ ಬೆಲ್ಲ ಹುಣಸೆಯ ಎದುರು ಬೇಕು.

ಓವನ್ ಇಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚು, ಅದರಿಂದ ಕೊರತೆಯೇನೂ ಇಲ್ಲ. ರೊಟ್ಟಿ ಸುಡುವ ದಪ್ಪ ಕಬ್ಬಿಣದ ಹಂಚು ಈ ಕೆಲಸಕ್ಕೆ ಓವನ್‌ಗಿಂತ ಒಂದು ಕೈ ಮೇಲು. ಹಂಚನ್ನು ಕಾಯಿಸಿ, ನೀರು ಚಿಮುಕಿಸಿದರೆ ಮುತ್ತಾಗಿ ಓಡಾಡುವಷ್ಟು ಬಿಸಿಯಾದಾಗ ಎಣ್ಣೆ ಸವರಿ, ಹೋಳುಗಳನ್ನು ಚಪ್ಪಟೆ ಮುಖ ಕೆಳಗೆ ಮಾಡಿ ಒಂದೇ ಪದರದಲ್ಲಿ ಜೋಡಿಸಿ. ಮೂರು ನಾಲ್ಕು ನಿಮಿಷ ಮುಟ್ಟಬೇಡಿ. ಕೈಯಾಡಿಸುತ್ತಲೇ ಇರುವ ಅಭ್ಯಾಸ ಪಲ್ಯಕ್ಕೆ ಸರಿ; ಇಲ್ಲಿ ಅದು ಬಣ್ಣ ಬರಗೊಡುವುದಿಲ್ಲ. ಹೋಳು ತಾನಾಗಿ ಹಂಚು ಬಿಟ್ಟು ಏಳುವಾಗ ತಿರುವಿ. ಗಜ್ಜರಿ, ಕುಂಬಳದಂತಹ ಗಟ್ಟಿ ತರಕಾರಿಗೆ ಮೊದಲ ಐದು ನಿಮಿಷ ಮುಚ್ಚಳ ಹಾಕಿ ಒಳಗೆ ಬೇಯಲು ಬಿಟ್ಟು, ಆಮೇಲೆ ತೆಗೆದು ಉರಿ ಏರಿಸಿ. ಚಿಕ್ಕ ಚಿಕ್ಕ ಸರದಿಯಲ್ಲಿ ಮಾಡಿ, ಆದದ್ದನ್ನು ಮುಚ್ಚದೆ ಬಿಸಿ ಪಾತ್ರೆಯಲ್ಲಿಡಿ. ಮುಚ್ಚಿದರೆ ಬೆವೆತು ಮೆತ್ತಗಾಗುತ್ತದೆ.

ಹಳ್ಳಿಯಲ್ಲಿ ಒಲೆ ಇದ್ದರೆ, ಹೊಲದಲ್ಲಿ ಕೆಂಡ ಇದ್ದರೆ ಇನ್ನೂ ಭಾಗ್ಯ. ಬದನೆಕಾಯಿ, ಈರುಳ್ಳಿ, ಟೊಮೆಟೊ, ಗೆಣಸು ಇವನ್ನು ಹೆಚ್ಚದೆ ಇಡಿಯಾಗಿ ಕೆಂಡದಲ್ಲಿ ಹೂತಿಡಿ. ಬದನೆಗೆ ಮೊದಲು ಚಾಕುವಿನಿಂದ ನಾಲ್ಕು ಕಡೆ ಚುಚ್ಚಿ, ಇಲ್ಲದಿದ್ದರೆ ಆವಿ ತುಂಬಿ ಸಿಡಿಯುತ್ತದೆ. ಆ ಸೀಳಿಗೆ ಒಂದೊಂದು ಎಸಳು ಬೆಳ್ಳುಳ್ಳಿ ಸಿಕ್ಕಿಸಿದರೆ ಅದೂ ಒಳಗೇ ಬೇಯುತ್ತದೆ. ಸಿಪ್ಪೆ ಕಪ್ಪಾಗಿ ಕಾಯಿ ಕುಸಿದಾಗ ತೆಗೆದು, ಕೈಯಿಂದ ಸಿಪ್ಪೆ ಬಿಡಿಸಿ, ದೊಡ್ಡ ದೊಡ್ಡ ಚೂರು ಮಾಡಿ. ಗ್ಯಾಸಿನ ಉರಿಯ ಮೇಲೂ ಬದನೆ, ಮೆಣಸಿನಕಾಯಿ ಸುಡಬಹುದು. ಇದ್ದಿಲ ಒಲೆಯನ್ನು ಮಾತ್ರ ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ಹಚ್ಚಬೇಡಿ. ಇದ್ದಿಲು ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ.

ಹುಳಿ, ಖಾರ, ಎಣ್ಣೆ

ತರಕಾರಿ ಕಾವಿನಲ್ಲಿರುವಾಗ ಇದನ್ನು ಮಾಡಿ ಮುಗಿಸಿ. ಹುಣಸೆಹಣ್ಣನ್ನು ಕಾಲು ಲೋಟ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಗಟ್ಟಿಯಾಗಿ ಕಿವುಚಿ. ಎರಡು ದೊಡ್ಡ ಚಮಚ ರಸ ಸಿಕ್ಕರೆ ಸಾಕು. ತೆಳ್ಳಗಾದರೆ ಮತ್ತೆ ನೀರಿನ ಗೊಡವೆ. ಬೆಳ್ಳುಳ್ಳಿಯನ್ನು ಉಪ್ಪಿನ ಜೊತೆ ಕಲ್ಲಿನಲ್ಲಿ ಜಜ್ಜಿ ನುಣ್ಣಗೆ ಮಾಡಿ, ರಸಕ್ಕೆ ಹಾಕಿ, ಬೆಲ್ಲ, ಖಾರದ ಪುಡಿ ಸೇರಿಸಿ ಕರಗಿಸಿ. ಕೊನೆಗೆ ಕುಸುಬಿ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕಲಸಿ. ಮುಚ್ಚಳ ಬಿಗಿಯಿರುವ ಬಾಟಲಿಯಲ್ಲಿ ಹಾಕಿ ಕುಲುಕಿದರೂ ಆಗುತ್ತದೆ.

ಗಾಣದ ಕುಸುಬಿ ಎಣ್ಣೆಯನ್ನು ಸುಡಲು ಬಳಸಬೇಡಿ. ಅದು ಬೇಗ ಹೊಗೆಯಾಡುತ್ತದೆ, ವಾಸನೆಯೂ ಹೋಗುತ್ತದೆ. ಕಾವಿಗೆ ಶೇಂಗಾ ಎಣ್ಣೆ, ಹಸಿಯಾಗಿ ಕಲಸಲು ಕುಸುಬಿ ಎಣ್ಣೆ. ಕುಸುಬಿ ಸಿಗದಿದ್ದರೆ ಗಾಣದ ಶೇಂಗಾ ಎಣ್ಣೆಯನ್ನೇ ಎರಡಕ್ಕೂ ಬಳಸಿ. ಆಲಿವ್ ಎಣ್ಣೆಗೆ ಹಣ ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ. ನಮ್ಮ ಎರೆಮಣ್ಣಿನಲ್ಲೇ ಬೆಳೆದ ಕುಸುಬಿಯ ಎಣ್ಣೆ ಜೋಳಕ್ಕೆ ಹೆಚ್ಚು ಹೊಂದುತ್ತದೆ.

ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿಯ ಪುಡಿ ಬಣ್ಣ ಕೊಡುತ್ತದೆ, ಉರಿ ಕಡಿಮೆ. ಮನೆಯಲ್ಲಿ ಕೆಂಪು ಹಣ್ಣು ಮೆಣಸಿನಕಾಯಿಯ ರಂಜಕ ಇದ್ದರೆ ಪುಡಿಯನ್ನು ಬಿಟ್ಟು ಒಂದು ಚಮಚ ಅದನ್ನೇ ಹಾಕಿ, ಆದರೆ ಅದರಲ್ಲಿ ಉಪ್ಪು ಹುಳಿ ಮೊದಲೇ ಇರುತ್ತದೆಂಬುದನ್ನು ನೋಡಿಕೊಳ್ಳಿ.

ಗುರೆಳ್ಳು ಹಿಂಡಿ ಮನೆಯಲ್ಲಿ ಇಲ್ಲದವರು ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಅರ್ಧ ಲೋಟ ಗುರೆಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಿರಿ. ಅದು ಮೊದಲೇ ಕಪ್ಪು ಕಾಳು, ಹೊತ್ತಿದರೂ ಕಣ್ಣಿಗೆ ತಿಳಿಯುವುದಿಲ್ಲ, ಮೂಗು ಮತ್ತು ಕಿವಿಯನ್ನು ನಂಬಿ. ಆರಿದ ಮೇಲೆ ಐದಾರು ಎಸಳು ಬೆಳ್ಳುಳ್ಳಿ, ಎರಡು ಚಮಚ ಖಾರ, ಜೀರಿಗೆ, ಉಪ್ಪು, ನೆಲ್ಲಿಕಾಯಿಯಷ್ಟು ಒಣ ಹುಣಸೆ ಹಾಕಿ ತರಿತರಿಯಾಗಿ ಕುಟ್ಟಿ. ಮಿಕ್ಸಿಯಲ್ಲಾದರೆ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಗಟ್ಟುತ್ತದೆ. ಅಗಸಿ ಹಿಂಡಿ, ಶೇಂಗಾ ಹಿಂಡಿಯೂ ನಡೆಯುತ್ತವೆ. ಶೇಂಗಾ ಹಿಂಡಿ ಹಾಕಿದರೆ ಮೇಲೆ ಉದುರಿಸುವ ಶೇಂಗಾ ಬೇಡ.

ಬೆರೆಸುವುದು

ಅಗಲವಾದ ಪಾತ್ರೆಗೆ ಹುರಿದ ಬಿಸಿ ಜೋಳ ಹಾಕಿ, ಹುಳಿ ಎಣ್ಣೆಯ ಮೂರರಲ್ಲಿ ಎರಡು ಪಾಲನ್ನು ಅದರ ಮೇಲೆ ಕೂಡಲೇ ಸುರಿದು ಕಲಸಿ. ಬಿಸಿ ಕಾಳು ಹುಳಿ ಉಪ್ಪನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆರಿದ ಮೇಲೆ ಕಾಳಿನ ಪಿಷ್ಟ ಬಿಗಿದುಕೊಳ್ಳುವುದರಿಂದ ಅದೇ ಹುಳಿ ಹೊರಗೇ ಉಳಿಯುತ್ತದೆ, ಬಾಯಿಗೆ ಹುಳಿ ಬೇರೆ ಜೋಳ ಬೇರೆ ಎನ್ನಿಸುತ್ತದೆ. ಎರಡು ನಿಮಿಷ ಬಿಟ್ಟು ಸುಟ್ಟ ತರಕಾರಿ ಸೇರಿಸಿ. ಸೌಟಿನಿಂದ ತಿರುವಬೇಡಿ, ಕೈಯಿಂದ ಅಥವಾ ಎರಡು ಚಮಚದಿಂದ ಕೆಳಗಿನದನ್ನು ಮೇಲಕ್ಕೆ ಎತ್ತಿ. ಕುಂಬಳ ಬದನೆ ಮುರಿಯಬಾರದು. ಸುಟ್ಟ ಟೊಮೆಟೊ ಮಾತ್ರ ಬೇಕೆಂದೇ ಹಿಚುಕಿ, ಅದರ ರಸವೂ ಕಾಳಿಗೆ ಸೇರಲಿ.

ಬಡಿಸುವ ಮುಂಚೆ ಉಳಿದ ಹುಳಿ ಎಣ್ಣೆ, ಗುರೆಳ್ಳು ಹಿಂಡಿ, ಶೇಂಗಾ, ಕೊತ್ತಂಬರಿ. ಮೆಂತ್ಯೆ ಸೊಪ್ಪನ್ನು ಕಡ್ಡಿ ಬಿಡಿಸಿ, ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆದು ಹಿಂಡಿ, ಹಸಿಯಾಗಿಯೇ ಹರಡಿ. ಹಕ್ಕರಕಿ ಸೊಪ್ಪು ಸಿಗುವ ದಿನಗಳಲ್ಲಿ ಅದನ್ನೂ ಹಾಕಿ. ಸೌತೆಕಾಯಿಯನ್ನು ಬದಿಗಿಡಿ, ಒಳಗೆ ಕಲಸಿದರೆ ನೀರು ಬಿಡುತ್ತದೆ. ಮೊಸರನ್ನೂ ಬಿಸಿಯಲ್ಲಿ ಬೆರೆಸಬೇಡಿ, ಒಡೆಯುತ್ತದೆ. ತಟ್ಟೆಯ ಪಕ್ಕದಲ್ಲಿ ಒಂದು ಸೌಟು ಗಟ್ಟಿ ಮೊಸರು ಬಡಿಸಿ.

ಕಾಳಿನ ಜೊತೆ ಬೇಳೆಯ ಅಂಶ ಬೇಕೆನ್ನುವವರು ಬೇಯಿಸಿದ ಮಡಕಿ ಅಥವಾ ಕಡಲೆ ಒಂದು ಲೋಟ ಸೇರಿಸಿ. ಜೋಳದಲ್ಲಿ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನ್, ಹೆಚ್ಚುಕಡಿಮೆ ಅಷ್ಟೇ ನಾರಿನಂಶ ಇದೆ. ಆದರೆ ಅದರ ಪ್ರೋಟೀನ್‌ನಲ್ಲಿ ಮೈಗೆ ಬೇಕಾದ ಲೈಸಿನ್ ಎಂಬ ಘಟಕ ಕಡಿಮೆ, ಬೇಳೆಕಾಳು ಆ ಕೊರತೆ ತುಂಬುತ್ತದೆ. ರೊಟ್ಟಿಯ ಜೊತೆ ಕಾಳು ಪಲ್ಯ ತಿನ್ನುವ ಪದ್ಧತಿಯಲ್ಲಿ ಈ ಕೆಲಸ ತಾನಾಗಿ ನಡೆಯುತ್ತಿತ್ತು. ಇಷ್ಟು ನಾರು ರೂಢಿಯಿಲ್ಲದವರು ಮೊದಲ ಸಲವೇ ಬಟ್ಟಲು ತುಂಬ ತಿನ್ನಬೇಡಿ, ಹೊಟ್ಟೆ ಉಬ್ಬರಿಸಬಹುದು.

ಋತು ನೋಡಿ ತರಕಾರಿ

ಜನವರಿಯಲ್ಲಿ, ಗವಿಮಠದ ಜಾತ್ರೆಯ ಆಸುಪಾಸಿನಲ್ಲಿ, ಸಂತೆಯ ತರಕಾರಿ ಅತಿ ಚೆಂದ. ಹೂಕೋಸು, ಗಜ್ಜರಿ, ಬೀಟ್‌ರೂಟ್, ಎಳೆ ಬದನೆ, ಹೊಸ ಗೆಣಸು. ಬೀಟ್‌ರೂಟ್‌ಗೆ ಮುಕ್ಕಾಲು ಗಂಟೆ ಕಾವು ಬೇಕು, ಮತ್ತು ಅದನ್ನು ಬೇರೆ ಸುಟ್ಟು ಕೊನೆಯಲ್ಲಿ ಸೇರಿಸದಿದ್ದರೆ ಇಡೀ ಪಾತ್ರೆ ಕೆಂಪಾಗುತ್ತದೆ. ಮಳೆಗಾಲದಲ್ಲಿ ಚವಳಿಕಾಯಿ, ಬೆಂಡೆಕಾಯಿ, ಹೀರೇಕಾಯಿ ಸಿಗುತ್ತವೆ; ಚವಳಿಕಾಯಿ ಮತ್ತು ಬೆಂಡೆ ಹಂಚಿನ ಮೇಲೆ ಸೊಗಸಾಗಿ ಸುಡುತ್ತವೆ, ಹೀರೇಕಾಯಿಯಲ್ಲಿ ನೀರು ಹೆಚ್ಚು, ಅದನ್ನು ಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುವಾಗ ಅಡುಗೆಮನೆಯಲ್ಲಿ ಅರ್ಧ ಗಂಟೆ ಕಾವಿನ ಮುಂದೆ ನಿಲ್ಲುವುದು ಹಿಂಸೆ. ಆಗ ತರಕಾರಿಯನ್ನು ಬೆಳಗಿನ ತಂಪಿನಲ್ಲೇ ಸುಟ್ಟು ಫ್ರಿಜ್‌ನಲ್ಲಿಟ್ಟು, ರಾತ್ರಿ ಹಂಚಿನ ಮೇಲೆ ಎರಡು ನಿಮಿಷ ಬಿಸಿ ಮಾಡಿಕೊಳ್ಳಿ. ಹುಣಸೆಯ ಬದಲು ನಿಂಬೆರಸ ಹಿಂಡಿ, ಮೇಲೆ ದಾಳಿಂಬೆ ಕಾಳು ಉದುರಿಸಿ. ನಿಂಬೆಯ ಸಿ ಜೀವಸತ್ವ ಕಾಳಿನ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳಲೂ ನೆರವಾಗುತ್ತದೆ.

ಉಳಿದರೆ

ಜೋಳವನ್ನು ಒಮ್ಮೆಗೆ ಎರಡು ಪಟ್ಟು ಬೇಯಿಸಿಡುವುದು ಜಾಣತನ. ಬಸಿದು ಆರಿಸಿದ ಕಾಳು ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿ ಮೂರು ದಿನ, ಫ್ರೀಜರ್‌ನಲ್ಲಿ ಒಂದು ತಿಂಗಳು ಇರುತ್ತದೆ. ಕಲಸಿದ ಸಲಾಡ್ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ನಮ್ಮ ಬೇಸಿಗೆಯಲ್ಲಿ ಒಂದು ಗಂಟೆಯೇ ಮಿತಿ. ಫ್ರಿಜ್‌ನಲ್ಲಿಟ್ಟರೆ ಮರುದಿನದವರೆಗೆ ತಿನ್ನಬಹುದು, ಹಸಿ ಸೊಪ್ಪು ಹಾಕದಿದ್ದರೆ ಮಾತ್ರ. ಕೆಲಸಕ್ಕೆ ಬುತ್ತಿ ಒಯ್ಯುವವರು ಫ್ರಿಜ್‌ನಿಂದ ತೆಗೆದ ಕಾಳನ್ನು ಬೆಳಿಗ್ಗೆ ಹೊಗೆಯಾಡುವಷ್ಟು ಬಿಸಿ ಮಾಡಿ ಬಿಸಿ ಹಿಡಿದಿಡುವ ಡಬ್ಬಿಗೆ ತುಂಬಿ, ಹಿಂಡಿ ಮತ್ತು ಶೇಂಗಾವನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿಕೊಂಡು ಹೋಗಿ.

ಮರುದಿನ ಬೆಳಿಗ್ಗೆ ಒಂದು ಬಟ್ಟಲು ಉಳಿದಿದ್ದರೆ ಬಾಣಲೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಒಂದು ಸೀಳಿದ ಹಸಿಮೆಣಸಿನಕಾಯಿ ಒಗ್ಗರಣೆ ಹಾಕಿ, ಸಲಾಡನ್ನು ಅದರಲ್ಲಿ ಐದು ನಿಮಿಷ ಗರಿಗರಿಯಾಗುವಂತೆ ಹುರಿದು, ಮೇಲೆ ಹಸಿ ಈರುಳ್ಳಿ ಹೆಚ್ಚಿ ಹಾಕಿ. ಉಪ್ಪಿಟ್ಟಿನ ಬದಲು ನಾಷ್ಟಾಕ್ಕೆ ಇದೇ ಆಗುತ್ತದೆ.